‘ತಂತೂಕರಣ’ವೆಂಬ ಶಬ್ದದ ವಿಚಾರ

ಚನ್ನಪಟ್ಟಣದಲ್ಲಿರುವ ನನ್ನ ಸಹಾಧ್ಯಾಯಿಯೊಬ್ಬರು ಮೂವತ್ತು ವರ್ಷಕಾಲ ಪಾಠಪ್ರವಚನಗಳಿಂದಲೇ ಜೀವನ ಸಾಗಿಸಿದವರು. ಊಟದ ಬಳಿಕ ಮಾತ್ರವಲ್ಲದೆ ಪಾಠದ ನಡುವೆಯೂ ಅಡಿಕೆಯ ಹೋಳನ್ನು ಕೆನ್ನೆಯ ಸಂದಿಯಲ್ಲಿರಿಸಿಕೊಳ್ಳುವುದು ಅವರ ಅಭ್ಯಾಸವು. ಈಗ್ಗೆ ಎರಡು ವರ್ಷಗಳಿಂದ ಅವರ ಬಾಯಿ ಎರಡು ಬೆರಳಗಲಕ್ಕಿಂತ ಹೆಚ್ಚಾಗಿ ತೆರೆಯದು. ಖಾರ ಸೋಕಿದರೆ ಉರಿಯುತ್ತದೆ. ದೀರ್ಘವಾದ ಆಕಾರವು ಏಕಾರದಂತೆ ಹೊರಡುತ್ತದೆ. ವೈದ್ಯಶಾಲೆಯೊಂದರಲ್ಲಿ ಕೊಟ್ಟ ಕನ್ನಡದ ಕರಪತ್ರವನ್ನು ನನ್ನ ಕೈಗಿತ್ತು, “ಏನಯ್ಯಾ, ಇದಕ್ಕೆ ಅನ್ವಯ ಹೇಳು. ನನ್ನ ಬಾಯಲ್ಲಿ ನೂಲುವವರು ಯಾರು?” ಎಂದು ಕೇಳಿದರು. ಅದರಲ್ಲಿ ರೋಗಕ್ಕೆ ‘ಮೌಖಿಕ ಉಪಶ್ಲೇಷ್ಮಪಟಲ ತಂತೂಕರಣ’ವೆಂದು ಹೆಸರಿಟ್ಟಿದ್ದರು. ಸಂಸ್ಕೃತ ಬಲ್ಲವನಿಗೇ ಅರ್ಥವಾಗದ ಈ ಸಂಸ್ಕೃತವು, ಸಂತೆಯಲ್ಲಿ ಅಡಿಕೆಯ ಪೊಟ್ಟಣ ಕೊಳ್ಳುವ ಮಾಗಡಿಯ ರೈತನಿಗೆ ಏನನ್ನು ತಿಳಿಸೀತು?

ಮೊದಲು ಶಬ್ದದ ಸಾಧುತ್ವವನ್ನು ನೋಡೋಣ. ‘ತಂತು’ ಶಬ್ದಕ್ಕೆ ಚ್ವಿಪ್ರತ್ಯಯ ಬಂದು, ಉಕಾರವು ದೀರ್ಘವಾಗಿ, ‘ತಂತೂಕರಣ’ವೆಂದಾಗುತ್ತದೆ. ರೂಪದಲ್ಲಿ ದೋಷವಿಲ್ಲ. ಆದರೆ ಚ್ವಿಯ ಅರ್ಥವಾದರೋ, ಮೊದಲು ಹಾಗಿಲ್ಲದುದು ಹಾಗಾಗುವುದು. ಶುಕ್ಲೀಕರಣವೆಂದರೆ ಬೆಳ್ಳಗಿಲ್ಲದುದನ್ನು ಬೆಳ್ಳಗೆ ಮಾಡುವುದು. ಅದರಂತೆ ತಂತೂಕರಣವೆಂದರೆ ತಂತುವಲ್ಲದ ಮಾಂಸವನ್ನು ತಂತುವಾಗಿ ಮಾರ್ಪಡಿಸುವುದೆಂದಾಯಿತು. ವಸ್ತುಸ್ಥಿತಿಯು ಹೀಗಿಲ್ಲ.

ನಮ್ಮ ಅಂಗಾಂಶಗಳಲ್ಲಿ ಜೀವಕೋಶಗಳ ನಡುವೆ ಕೊಲ್ಯಾಜನ್ ಎಂಬ ಪ್ರೋಟೀನಿನ ಎಳೆಗಳು ಆರೋಗ್ಯದಲ್ಲಿಯೂ ಇದ್ದೇ ಇರುತ್ತವೆ. ಇದು ಮುಪ್ಪುರಿ ಹಗ್ಗದಂತೆ ಮೂರು ಸರಗಳು ಹೊಸೆದುಕೊಂಡದ್ದೆಂದು 1954ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಅವರು ತೋರಿಸಿದರು. ಗಾಯವಾದಾಗ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳು ಹೊಸ ಎಳೆಗಳನ್ನು ಹೊರಚೆಲ್ಲಿ, ಸಂದನ್ನು ಮುಚ್ಚಿ, ಬಳಿಕ ಸುಮ್ಮನಾಗುತ್ತವೆ. ಗಾಯವು ದಿನದಿನವೂ ಮರುಕಳಿಸಿದರೆ ಅವಕ್ಕೆ ವಿರಾಮವಿಲ್ಲ. ಟಿಜಿಎಫ್-ಬೀಟಾ ಎಂಬ ಅಣುವು ಅವನ್ನು ಎಬ್ಬಿಸುತ್ತಲೇ ಇರುತ್ತದೆ. ಎಳೆಯ ಮೇಲೆ ಎಳೆ ಬೀಳುತ್ತದೆ. ಈ ಅಣುವನ್ನು ಎಳೆಯ ಇಲಿಗಳಿಗೆ ಚುಚ್ಚಿದರೆ ಚುಚ್ಚಿದೆಡೆಯಲ್ಲಿಯೇ ಇಂತಹ ವಿಕಾರವುಂಟಾಗುವುದೆಂದು ಅಮೆರಿಕದ ಅನಿತಾ ರಾಬರ್ಟ್ಸ್ ಮೊದಲಾದವರು 1986ರಲ್ಲಿ ಪ್ರಕಟಿಸಿದರು. ಆದುದರಿಂದ ಇದು ಇಲ್ಲದುದರ ಹುಟ್ಟಲ್ಲ, ಇದ್ದುದರ ಅತಿವೃದ್ಧಿಯು. ಚ್ವಿಗೆ ಇಲ್ಲಿ ಎಡೆಯೇ ಇಲ್ಲವೆನ್ನಲಾಗದು. ಫೈಬ್ರೊಬ್ಲಾಸ್ಟ್ ಕೋಶವು ಸ್ನಾಯುವಿನಂತೆ ಸಂಕುಚಿಸುವ ಶಕ್ತಿಯನ್ನು ಹೊಸದಾಗಿ ಪಡೆಯುತ್ತದೆಂದು ಜಿನೀವಾದಲ್ಲಿ ಗಬ್ಬಿಯಾನಿ ಮತ್ತು ಅವರ ಸಂಗಡಿಗರು 1971ರಲ್ಲಿ ಕಂಡರು. ಮಾರ್ಪಡುವುದು ಕೋಶವು, ಮಾಂಸವಲ್ಲ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಟಿಜಿಎಫ್ ಎಂಬುದರ ಬಿಡಿಸಿದ ಅರ್ಥ ‘ಮಾರ್ಪಡಿಸುವ ಬೆಳವಣಿಗೆಯ ಅಂಶ’ವೆಂದು; ಆದರೂ ಅದು ಅನೇಕ ಕೋಶಗಳ ಬೆಳವಣಿಗೆಯನ್ನು ತಡೆಯುವುದೇ ಸರಿ. ಅಲ್ಲಿ ಯೋಗಾರ್ಥವನ್ನು ಬಿಟ್ಟು ರೂಢಿಯನ್ನೊಪ್ಪಿದಂತೆ ‘ತಂತೂಕರಣ’ವೂ ರೂಢಿಯಿಂದ ನಿಲ್ಲಬಾರದೆ? ನಿಲ್ಲಬಹುದು, ವಿದ್ವಾಂಸರ ಮಂಡಲಿಯಲ್ಲಿ. ರೂಢಿಯಾಗುವುದಕ್ಕೆ ಕಾಲ ಬೇಕು. ಬಾಯಿ ಮುಚ್ಚುತ್ತ ಬಂದವನಿಗೆ ಆ ಕಾಲವಿಲ್ಲ.

ಈ ರೋಗದ ತಿಳಿವಳಿಕೆಯು ಎಷ್ಟು ದೇಶಗಳನ್ನು ಸುತ್ತಿ ಬಂದಿದೆಯೆಂಬುದನ್ನು ನೆನೆದರೆ ಕರಪತ್ರದ ಕ್ಲಿಷ್ಟತೆ ಇನ್ನಷ್ಟು ಖೇದಕರವು. 1952ರಲ್ಲಿ ಶ್ವಾರ್ಟ್ಜ್ ಎಂಬವರು ಪೂರ್ವ ಆಫ್ರಿಕದಲ್ಲಿ ನೆಲಸಿದ್ದ ಐವರು ಭಾರತೀಯ ಸ್ತ್ರೀಯರಲ್ಲಿ ಇದನ್ನು ವರ್ಣಿಸಿದರು. ಮರುವರ್ಷ ಮುಂಬಯಿಯ ಜೋಶಿಯವರು ಈಗ ಬಳಕೆಯಲ್ಲಿರುವ ಹೆಸರಿಗೆ ಮೂಲವಾದ ಹೆಸರನ್ನಿಟ್ಟರು. ಆಮೇಲೆ ಡೆನ್ಮಾರ್ಕಿನ ಪಿಂಡ್‌ಬೋರ್ಗ್ ಅವರೂ ಮುಂಬಯಿಯ ಸಂಶೋಧಕರೂ ಕೂಡಿ ಕೇರಳದ ಎರ್ನಾಕುಲಂ ಸೀಮೆಯಲ್ಲಿ 66 ರೋಗಿಗಳನ್ನು 17 ವರ್ಷಗಳ ಅವಧಿಯಲ್ಲಿ ಗಮನಿಸಿ, ನೂರಕ್ಕೆ 7.6ರಷ್ಟು ಮಂದಿಗೆ ಕ್ಯಾನ್ಸರ್ ಉಂಟಾಯಿತೆಂದು 1985ರಲ್ಲಿ ತಿಳಿಸಿದರು. ಅಡಿಕೆಯ ಅರೆಕೋಲೀನ್ ಎಂಬ ಕ್ಷಾರವು ಫೈಬ್ರೊಬ್ಲಾಸ್ಟುಗಳನ್ನು ಉತ್ತೇಜಿಸುವುದನ್ನು ಲಂಡನ್ನಿನವರು ಪರೀಕ್ಷಿಸಿದರು. 2004ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ಗ್ರಂಥವು, ಹೊಗೆಸೊಪ್ಪು ಬೆರೆಯದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿತು. ನನ್ನ ಮಿತ್ರರಾದರೋ ತಾವು ಎಂದೂ ಹೊಗೆಸೊಪ್ಪು ಮುಟ್ಟಿದವರಲ್ಲವೆಂದು ಮೊನ್ನೆಮೊನ್ನೆಯವರೆಗೂ ಹೆಮ್ಮೆಪಡುತ್ತಿದ್ದರು.

ಪ್ರಾಚೀನತೆಯ ಅಭಿಮಾನಿಗಳು ಸುಶ್ರುತನ ‘ವಿದಾರೀ’ರೋಗವೇ ಇದೆಂದು ಬರೆಯುವುದುಂಟು. ಇದು ಅವಿಚಾರಿತವು. ವಿದಾರಿಯು ಗಂಟಲೊಳಗಿನ ಕೆಂಪಾದ ಬಾವು. ಅದರಲ್ಲಿ ಮಾಂಸವು ಕೊಳೆತು ಕಳಚಿಬೀಳುತ್ತದೆ. ಇಲ್ಲಿಯೋ ಮಾಂಸವು ಕೊಳೆಯುವುದಿಲ್ಲ. ಬಿಳಿಚಿಕೊಂಡು ಪಟ್ಟಿಪಟ್ಟಿಯಾಗಿ ಬಿಗಿಯುತ್ತದೆ. ಉರಿಯೊಂದು ಸಮಾನವಾದ ಮಾತ್ರಕ್ಕೆ ಎರಡನ್ನೂ ಒಂದೆನ್ನುವುದು ಸುಶ್ರುತನಿಗೂ ಗೌರವವಲ್ಲ.

ಹಾಗಾದರೆ ಕನ್ನಡದಲ್ಲಿ ಏನೆನ್ನಬೇಕು? ‘ನಾರು’ ಶಬ್ದವು ತಾನಾಗಿ ಮುಂದೆ ಬರುತ್ತದೆ. ಬಲಿತ ಬೆಂಡೆಕಾಯಿ ನಾರಾಯಿತೆಂದು ಹೆಂಗಸರು ದಿನವೂ ಹೇಳುತ್ತಾರೆ. ಆದರೆ ಇದರಲ್ಲಿ ಮೂರು ತೊಡಕುಗಳಿವೆ. ‘ಬಾಯಿ ನಾರು’ ಎಂದೊಡನೆ ಕೇಳಿದವನು ದುರ್ಗಂಧವನ್ನೇ ತಿಳಿಯುವನು. ಕ್ರಿಯಾಧಾತುವಾದ ‘ನಾರು’ ಅಷ್ಟು ಬಲವಾಗಿದೆ. ಉತ್ತರದ ಸೀಮೆಯ ವೃದ್ಧರಿಗೆ ‘ನಾರುಹುಣ್ಣು’ ನೆನಪಾಗುವುದು. ಅದು ಕೆರೆಬಾವಿಗಳ ನೀರಿನಿಂದ ಬರುತ್ತಿದ್ದ ಹುಳುವಿನ ರೋಗ, 2000ದಲ್ಲಿ ಭಾರತವು ಅದರಿಂದ ಮುಕ್ತವೆಂದು ಘೋಷಿತವಾಯಿತು. ಮೂರನೆಯದು ಬೆಂಡೆಕಾಯಿಯದೇ: ಬಲಿತದ್ದರಿಂದ ನಾರಾಯಿತೆಂದರೆ ರೋಗಿಯು ಇದು ವಯಸ್ಸಿನ ದೋಷವೆಂದು ಸುಮ್ಮನಿದ್ದಾನು. ಆದಕಾರಣ ‘ನಾರುಗಟ್ಟು’ ಎಂಬ ಸಮಾಸವು ಲೇಸೆಂದು ನನ್ನ ಮತ. ಕೆನೆಗಟ್ಟು, ಹೆಪ್ಪುಗಟ್ಟು, ಜಡ್ಡುಗಟ್ಟು ಇವುಗಳ ಸಾಲಿನಲ್ಲಿ ನಿಂತೊಡನೆ ‘ನಾರು’ ನಾಮಪದವೇ ಆಗಬೇಕಾಗಿ, ದುರ್ಗಂಧದ ಶಂಕೆ ತೊಲಗುತ್ತದೆ. ‘ಕಟ್ಟು’ ಎಂಬುದಕ್ಕೆ ಶೇಖರವಾಗು, ಬಂಧಿಸು ಎಂಬೆರಡರ್ಥಗಳೂ ಉಂಟು. ರೋಗದಲ್ಲಿಯೂ ಎರಡೂ ಉಂಟು.

ಈ ಎರಡನೆಯ ಅರ್ಥವು ರಾಮನಗರದವರಿಗೆ ಬೇಗ ತಿಳಿದೀತು. ಅಲ್ಲಿ ನೂಲು ಬಿಚ್ಚುವವರು ರೇಷ್ಮೆಗೂಡನ್ನು ಬಿಸಿನೀರಿಗೆ ಹಾಕುತ್ತಾರೆ. ಎಳೆಗಳನ್ನು ಹಿಡಿದಿದ್ದ ಅಂಟು ಸಡಿಲಿ, ನೂರಾರು ಮೀಟರುಗಳ ಎಳೆ ಬಿಚ್ಚಿಕೊಳ್ಳುತ್ತದೆ. ನಾರುಗಟ್ಟಿದ ಅಂಗಾಂಶದಲ್ಲಿ ಎಳೆಗಳ ನಡುವೆ ಇರುವುದು ಅಂಟಲ್ಲ, ಬೆಸುಗೆ. ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವವು ಆ ಬೆಸುಗೆಗೆ ಕಾರಣ. ಅದಕ್ಕೆ ತಾಮ್ರ ಬೇಕು. ಅಡಿಕೆಯಲ್ಲಿ ತಾಮ್ರವು ಹೇರಳ. ಬಿಸಿನೀರು ಮುಕ್ಕಳಿಸಿ ಇದನ್ನು ಬಿಚ್ಚಲಾಗದು.

ಇದೇ ಶಬ್ದವು ಶ್ವಾಸಕೋಶಕ್ಕೂ ಸಲ್ಲಬೇಕು. ಇಲ್ಲವಾದರೆ ಅವ್ಯಾಪ್ತಿದೋಷ. ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಭೂಶಾಸ್ತ್ರಜ್ಞರು ಕರೆಯುವ ಶಿಲೆಯನ್ನು ಕನಕಪುರದ ಕಡೆ ಒಡೆಯುವವರ ಮೂಗಿಗೆ ಹೋಗುವ ಸಿಲಿಕದ ಧೂಳು ಕೂಡ ಇದೇ ಬಗೆಯ ಕಟ್ಟನ್ನು ಎದೆಯೊಳಗೆ ಉಂಟುಮಾಡಬಲ್ಲುದು. ಕಾರಣ ತಿಳಿಯದೆ ಶ್ವಾಸಕೋಶವು ನಾರುಗಟ್ಟುವ ರೋಗಕ್ಕೆ ನಿಂಟೆಡಾನಿಬ್ ಎಂಬ ಔಷಧವನ್ನು 24 ದೇಶಗಳ ವೈದ್ಯರು ಕೂಡಿ ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿ, 2014ರಲ್ಲಿ ಫಲವನ್ನು ಪ್ರಕಟಿಸಿದರು. ಅದು ಶ್ವಾಸಶಕ್ತಿ ಕುಂದುವುದನ್ನು ನಿಧಾನಗೊಳಿಸುತ್ತದೆ, ಕಟ್ಟಿದುದನ್ನು ಬಿಚ್ಚುವುದಿಲ್ಲ.

ಕರಪತ್ರದ ಬೆನ್ನಿಗೆ ನಾನು, ‘ಅಡಿಕೆಯಿಂದ ಬಾಯೊಳಗೆ ನಾರುಗಟ್ಟುತ್ತದೆ, ಬಾಯಿ ಬಿಗಿಯುತ್ತದೆ, ಹೊಗೆಸೊಪ್ಪಿಲ್ಲದಿದ್ದರೂ ಹೀಗಾಗುತ್ತದೆ’ ಎಂದು ಬರೆದು ಮಿತ್ರರಿಗೆ ಓದಿ ಹೇಳಿದೆನು. ಅವರು ಕೇಳಿ, “ಶಬ್ದ ಸರಿಯಾಯಿತು. ಬಿಟ್ಟರೆ ಬಿಚ್ಚುವುದೇ, ಅದನ್ನು ಹೇಳಲಿಲ್ಲವಲ್ಲ” ಎಂದರು. ಬಿಟ್ಟರೆ ಕಟ್ಟು ಬೆಳೆಯುವುದು ನಿಲ್ಲಬಹುದು, ಕಟ್ಟಿದ್ದು ತಾನಾಗಿ ಬಿಚ್ಚುವುದು ಅಪರೂಪ, ಕ್ಯಾನ್ಸರಿನ ಭಯವಿರುವುದರಿಂದ ಬಾಯನ್ನು ಆಗಾಗ್ಗೆ ವೈದ್ಯರಿಗೆ ತೋರಿಸುತ್ತಿರಬೇಕು ಎಂದೆನು. “ಹಾಗಾದರೆ ಅದನ್ನೂ ಬರೆ” ಎಂದರು, ಅದನ್ನೂ ಬರೆದೆನು.