ಅರ್ಜಿ ತುಂಬುವ ಕೈ ಯಾರದು?

ನಾಲ್ಕು ವರ್ಷಗಳ ಹಿಂದಿನ ಮಾತು. ನೆರೆಮನೆಯ ಮಹಿಳೆಯೊಬ್ಬರು ಮಗಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಹೊರಟಿದ್ದರು. ಕಂಪ್ಯೂಟರ್ ವ್ಯವಹಾರ ತನಗೆ ತಿಳಿಯದೆಂದು ನನ್ನನ್ನೂ ಜೊತೆಗೆ ಕರೆದರು. ತಾಲೂಕು ಕಚೇರಿಯ ಎದುರಿನ ಅಂಗಡಿಯಲ್ಲಿ ಕೂತಿದ್ದ ಹುಡುಗ ಬಹಳ ಚುರುಕು. ಅವನ ಬೆರಳು ಕೀಲಿಮಣೆಯ ಮೇಲೆ ಓಡುವುದನ್ನು ನೋಡುವುದೇ ಒಂದು ಸಂತೋಷ. ಪ್ರತಿ ಚೌಕದಲ್ಲೂ ಒಂದೇ ಅಕ್ಷರ ಒತ್ತುತ್ತಿದ್ದ. ತಕ್ಷಣ ಕೆಳಗೊಂದು ಪಟ್ಟಿ ಬಿಚ್ಚಿಕೊಳ್ಳುತ್ತಿತ್ತು. ಅದರಲ್ಲಿ ಬೆಳಗ್ಗಿನಿಂದ ಬಂದುಹೋದ ಗಿರಾಕಿಗಳ ಹೆಸರು, ತಂದೆಯ ಹೆಸರು, ಮೊಬೈಲ್ ನಂಬರ್ ಎಲ್ಲವೂ ಸಾಲಾಗಿ ನಿಂತಿದ್ದವು. ನಮ್ಮ ಎದುರಿಗೇ ಅಪರಿಚಿತರ ಮನೆಯ ವಿವರಗಳು! ಹುಡುಗನಿಗೆ ಅದರ ಪರಿವೆ ಇರಲಿಲ್ಲ. ಇಮೇಲ್ ಚೌಕ ಬಂದಾಗ, “ನಿಮ್ಮದು ಇದೆಯಾ ಅಕ್ಕಾ?” ಎಂದ. ಇಲ್ಲ ಎಂದರು. ಪಟ್ಟಿಯಲ್ಲಿ ಮೊದಲಿಗೆ ಬಂದದ್ದನ್ನು ಆರಿಸಿ ಮುಂದಕ್ಕೆ ಹೋದ. ಹತ್ತು ನಿಮಿಷದಲ್ಲಿ ಅರ್ಜಿ ಮುಗಿಯಿತು. ಆ ವರ್ಷ ಹಣವೂ ಬಂತು.

ಮರುವರ್ಷ ನವೀಕರಣ ಮಾಡಬೇಕಾಯಿತು. ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಮರೆತಿದ್ದರೆ ಇಲ್ಲಿ ಒತ್ತಿ ಎಂದಿದ್ದಲ್ಲಿ ಒತ್ತಿದೆವು. ಹೊಸ ಪಾಸ್‌ವರ್ಡಿನ ಸಂದೇಶ ಆ ಇಮೇಲಿಗೆ ಹೋಯಿತು. ಆ ಇಮೇಲ್ ಯಾರದು? ಅಂಗಡಿಯ ಬಾಗಿಲು ಹಾಕಿ ಎಂಟು ತಿಂಗಳಾಗಿತ್ತು, ಹುಡುಗ ಊರು ಬಿಟ್ಟಿದ್ದ. ಕಚೇರಿಯಿಂದ ಕಚೇರಿಗೆ ಅಲೆದು ಎಲ್ಲವನ್ನೂ ಸರಿಪಡಿಸುವಷ್ಟರಲ್ಲಿ ಕೊನೆಯ ದಿನಾಂಕ ದಾಟಿತು.

ತಪ್ಪು ಯಾರದೆಂದು ಕೇಳಿದರೆ ಹುಡುಗನದೆನ್ನಬಹುದು, ಕೇಳದೆ ಒಪ್ಪಿದ ತಾಯಿಯದೆನ್ನಬಹುದು, ಪಕ್ಕದಲ್ಲೇ ಕೂತು ಸುಮ್ಮನಿದ್ದ ನನ್ನದಂತೂ ಹೌದು. ಆದರೆ ಆ ಚೌಕವನ್ನು ತುಂಬಲು ಮುಂದೆ ಬಂದದ್ದು ನಮ್ಮಲ್ಲಿ ಯಾರೂ ಅಲ್ಲ, ಬ್ರೌಸರ್. ಇಂಗ್ಲಿಷಿನಲ್ಲಿ ಇದನ್ನು ಆಟೋಫಿಲ್ ಎನ್ನುತ್ತಾರೆ. ಹೆಸರು, ವಿಳಾಸ, ಕಾರ್ಡ್ ಸಂಖ್ಯೆ, ಪಾಸ್‌ವರ್ಡ್ ಎಲ್ಲವನ್ನೂ ನೆನಪಿಟ್ಟುಕೊಂಡು, ಚೌಕ ಕಂಡೊಡನೆ ತಾನೇ ತುಂಬುವ ಏರ್ಪಾಡು. ಸುಮಾರು ಕಾಲು ಶತಮಾನದಿಂದ ಇದು ನಮ್ಮ ಜೊತೆಗಿದೆ. 1999ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲೇ ಅರ್ಜಿ ಮತ್ತು ಪಾಸ್‌ವರ್ಡ್ ತುಂಬುವ ಸೌಲಭ್ಯವಿತ್ತು. 2017ರಲ್ಲಿ ಆಂಡ್ರಾಯ್ಡ್ 8 ಹಾಗೂ ಐಓಎಸ್ 11ರ ಮೂಲಕ ಅದು ಮೊಬೈಲಿನ ಆ್ಯಪ್‌ಗಳ ಒಳಕ್ಕೂ ಬಂತು. ಇಷ್ಟು ವ್ಯಾಪಕವಾದ ಸಾಧನವೊಂದನ್ನು ನಾವು ಸೌಲಭ್ಯ ಎಂದು ಬಳಸಿದ್ದೇವೆಯೇ ಹೊರತು, ಒಂದು ಕೃತಿಯನ್ನು ಓದಿದಂತೆ ಓದಿಲ್ಲ. ಅದನ್ನು ರೂಪಿಸಿದವರ ಮನಸ್ಸಿನಲ್ಲಿದ್ದ ಮನುಷ್ಯ ಯಾರು?

ಮೊದಲು ಅದರ ಗುಣ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾದೀತು. ಪಾಸ್‌ವರ್ಡನ್ನು ಉಳಿಸುವಾಗ ಬ್ರೌಸರ್ ಅದನ್ನು ತಾಣದ ವಿಳಾಸದ ಜೊತೆ ಕಟ್ಟಿಹಾಕುತ್ತದೆ. ಬ್ಯಾಂಕಿನ ಪುಟದಂತೆಯೇ ಕಾಣುವ ನಕಲಿ ಪುಟವೊಂದನ್ನು ವಂಚಕ ಕಳಿಸಿದರೆ ನಮ್ಮ ಕಣ್ಣು ಮೋಸಹೋಗುತ್ತದೆ. ವಿಳಾಸದಲ್ಲಿ ಒಂದಕ್ಷರ ಬದಲಾಗಿದ್ದರೂ ಬ್ರೌಸರ್ ಮಾತ್ರ ಸುಮ್ಮನಿರುತ್ತದೆ. ದಿನವೂ ತುಂಬುತ್ತಿದ್ದದ್ದು ಇಂದೇಕೆ ತುಂಬಲಿಲ್ಲ ಎಂದು ಒಂದು ಕ್ಷಣ ಯೋಚಿಸಿದವನ ಹಣ ಉಳಿಯುತ್ತದೆ. ಎರಡನೆಯದು, ಪ್ರತಿ ತಾಣಕ್ಕೂ ಬೇರೆ ಬೇರೆ ಉದ್ದದ ಪಾಸ್‌ವರ್ಡ್ ಇಡುವುದು ಮನುಷ್ಯರ ನೆನಪಿಗೆ ಸಾಧ್ಯವಿಲ್ಲದ ಕೆಲಸ. ಕೈ ನಡುಗುವ ವೃದ್ಧರಿಗೆ, ಅಕ್ಷರ ಕೂಡಿಸಲು ಕಷ್ಟಪಡುವವರಿಗೆ ಇದು ಊರುಗೋಲೂ ಹೌದು. 2018ರಲ್ಲಿ ಹೊರಬಂದ ಅಂತಾರಾಷ್ಟ್ರೀಯ ವೆಬ್ ಸುಗಮತೆಯ ಮಾರ್ಗಸೂಚಿ, ಹೆಸರು, ವಿಳಾಸದಂತಹ ಚೌಕಗಳು ಯಾವ ಮಾಹಿತಿಗಾಗಿ ಇವೆ ಎಂಬುದನ್ನು ಬ್ರೌಸರಿಗೆ ತಿಳಿಯುವಂತೆ ಗುರುತಿಸಬೇಕೆಂದು ಹೇಳಿದ್ದು ಇಂಥವರಿಗಾಗಿಯೇ.

ಆದ್ದರಿಂದ ಪಾಸ್‌ವರ್ಡ್ ಅಂಟಿಸುವುದನ್ನೂ ತುಂಬಿಸುವುದನ್ನೂ ತಡೆದು, ಪರದೆಯ ಮೇಲಿನ ಕೀಲಿಮಣೆಯನ್ನೇ ಒಂದೊಂದಾಗಿ ಒತ್ತಿಸುವ ತಾಣಗಳ ಬಗ್ಗೆ ನನಗೆ ಗೌರವವಿಲ್ಲ. ಆ ಕಾಟ ತಾಳಲಾರದೆ ಜನ ಚಿಕ್ಕ ಪಾಸ್‌ವರ್ಡ್ ಇಟ್ಟುಕೊಳ್ಳುತ್ತಾರೆ, ಅದನ್ನೇ ನಾಲ್ಕು ಕಡೆ ಬಳಸುತ್ತಾರೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಅಂಟಿಸಲು ಬಿಡಿ ಎಂದು ಸಲಹೆ ಕೊಟ್ಟಿದೆ.

ಹಾಗಾದರೆ ದೋಷ ಎಲ್ಲಿದೆ? ಬೀಗ ಚೆನ್ನಾಗಿದೆ. ಎದುರಿಗೆ ಕೂತಿರುವ ಕೈ ಯಾರದೆಂದು ಮಾತ್ರ ಅದು ವಿಚಾರಿಸುವುದಿಲ್ಲ. 2013ರ ಆಗಸ್ಟ್‌ನಲ್ಲಿ ಈ ಬಗ್ಗೆ ಒಂದು ದೊಡ್ಡ ಚರ್ಚೆಯೇ ನಡೆದಿತ್ತು. ಕ್ರೋಮ್ ಬ್ರೌಸರಿನ ಸೆಟ್ಟಿಂಗ್ಸ್‌ಗೆ ಹೋಗಿ ಒಂದು ಗುಂಡಿ ಒತ್ತಿದರೆ ಉಳಿಸಿಟ್ಟ ಪಾಸ್‌ವರ್ಡ್‌ಗಳೆಲ್ಲ ಬರಿಗಣ್ಣಿಗೆ ಕಾಣುತ್ತಿದ್ದವು. ಇನ್ನೊಂದು ಪಾಸ್‌ವರ್ಡನ್ನೂ ಅದು ಕೇಳುತ್ತಿರಲಿಲ್ಲ. ಬ್ರಿಟನ್ನಿನ ಡೆವಲಪರ್ ಒಬ್ಬರು ಇದನ್ನು ಎತ್ತಿ ತೋರಿಸಿದಾಗ ಕ್ರೋಮ್ ತಂಡದ ಭದ್ರತಾ ಮುಖ್ಯಸ್ಥರು ಕೊಟ್ಟ ಉತ್ತರದ ತಾತ್ಪರ್ಯ ಹೀಗಿತ್ತು: ನಿಮ್ಮ ಕಂಪ್ಯೂಟರ್ ಖಾತೆಯೊಳಗೆ ಬೇರೊಬ್ಬ ಬಂದು ಕೂತ ಮೇಲೆ ಆಟ ಮುಗಿದಂತೆ, ಆಮೇಲೆ ಹಾಕುವ ಬೇಲಿ ಸುಳ್ಳು ಧೈರ್ಯವನ್ನಷ್ಟೇ ಕೊಡುತ್ತದೆ. ತಾಂತ್ರಿಕವಾಗಿ ಈ ಮಾತಿನಲ್ಲಿ ಸತ್ಯವಿದೆ. ಆದರೆ ಅದರ ಹಿಂದಿರುವ ಚಿತ್ರವನ್ನು ನೋಡಿ. ಒಬ್ಬ ಮನುಷ್ಯ, ಅವನ ಒಂದು ಯಂತ್ರ, ಅವನ ಒಂದು ಕೋಣೆ. ಬೇರೆ ಯಾರು ಬಂದರೂ ಅವರು ಕಳ್ಳರು. ಮುಂದೆ ಕ್ರೋಮ್ ಆ ನಿಲುವನ್ನು ಬಿಟ್ಟು, ಪಾಸ್‌ವರ್ಡ್ ತೋರಿಸುವ ಮೊದಲು ಕಂಪ್ಯೂಟರಿನ ಪಾಸ್‌ವರ್ಡ್ ಕೇಳತೊಡಗಿತು. ಕಲ್ಪನೆ ಮಾತ್ರ ಅಷ್ಟಾಗಿ ಬದಲಾಗಿಲ್ಲ.

ನಮ್ಮ ಮನೆಗಳಲ್ಲಿ ಬೇರೆಯವರು ಕಳ್ಳರಲ್ಲ. ಅತ್ತೆಯ ಮೊಬೈಲಿನಲ್ಲಿ ಸೊಸೆ ಪಡಿತರ ಚೀಟಿ ನೋಡುತ್ತಾಳೆ, ಅಪ್ಪನ ಮೊಬೈಲಿನಲ್ಲಿ ಮಗ ಆಟ ಆಡುತ್ತಾನೆ, ಅಕ್ಕನ ಮೊಬೈಲಿನಿಂದ ತಮ್ಮ ಪರೀಕ್ಷಾ ಶುಲ್ಕ ಕಟ್ಟುತ್ತಾನೆ. ನಿತ್ಯಾ ಸಾಂಬಶಿವನ್ ಮತ್ತು ಸಂಗಡಿಗರು ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ಮಹಿಳೆಯರನ್ನು ಮಾತನಾಡಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮನೆಮಂದಿಯೆಲ್ಲ ಕೈ ಹಾಕುವ ಮೊಬೈಲಿನಲ್ಲಿ ತಮ್ಮದೊಂದು ಮೂಲೆಯನ್ನು ಉಳಿಸಿಕೊಳ್ಳಲು ಈ ಹೆಂಗಸರು ಆ್ಯಪ್‌ಗಳಿಗೆ ಬೀಗ ಹಾಕುತ್ತಾರೆ, ಆಗಾಗ ಸಂದೇಶಗಳನ್ನು ಅಳಿಸುತ್ತಾರೆ. ಮೊಬೈಲ್ ಕೊಡುವುದಿಲ್ಲ ಎನ್ನುವಂತಿಲ್ಲ. ಹಾಗೆಂದರೆ ಸಂಶಯ ಹುಟ್ಟುತ್ತದೆ. ಅಳಿಸಿಯೇ ಬದುಕಬೇಕಾದ ಇಂತಹ ಮಹಿಳೆಗೆ, ತಾನೇ ನೆನಪಿಟ್ಟುಕೊಂಡು ತಾನೇ ಮುಂದೆ ಚಾಚುವ ಸಾಧನ ಎಷ್ಟು ಅಪಾಯಕಾರಿ! ಅವಳು ಒಮ್ಮೆ ಟೈಪಿಸಿದ ವಕೀಲರ ಅಥವಾ ವೈದ್ಯರ ಹೆಸರು ಮತ್ತೊಬ್ಬರು ಅದೇ ಚೌಕ ಮುಟ್ಟಿದಾಗ ತಲೆಯೆತ್ತಬಹುದು.

ಪಾಸ್‌ವರ್ಡ್ ಉಳಿಸಬೇಕೇ ಎಂಬ ಪ್ರಶ್ನೆಯನ್ನು ಬ್ರೌಸರ್ ಕೇಳುವುದಿಲ್ಲವೆಂದಲ್ಲ. ಕೇಳುವ ಹೊತ್ತು ನೋಡಿ. ಲಾಗಿನ್ ಒತ್ತಿ, ಒಳಗಿನ ಪುಟಕ್ಕಾಗಿ ಕಾಯುತ್ತಿರುವಾಗ, ಪರದೆಯ ಮೂಲೆಯಲ್ಲಿ. ಆಗ ಯಾರು ಯೋಚಿಸಿ ಉತ್ತರಿಸುತ್ತಾರೆ? ಇದು ನಿಮ್ಮ ಸ್ವಂತ ಯಂತ್ರವೇ ಎಂದು ಒಂದು ಸಾಲು ಸೇರಿಸಿದ್ದರೆ ಅಂಗಡಿಯ ಹುಡುಗನೂ ಒಮ್ಮೆ ಕೈ ತಡೆಯುತ್ತಿದ್ದನೇನೋ. ಅತಿಥಿಗಳಿಗೆಂದು ಬೇರೆ ಕಿಟಕಿ ಕ್ರೋಮ್‌ನಲ್ಲಿ ಇದೆ. ಅದನ್ನು ಮುಚ್ಚಿದೊಡನೆ ಆ ಹೊತ್ತಿನಲ್ಲಿ ತುಂಬಿದ್ದರ ನೆನಪೂ ಬ್ರೌಸರಿನಿಂದ ಹೋಗುತ್ತದೆ. ಅರ್ಜಿ ಅಂಗಡಿಗಳಲ್ಲಿ ಅದನ್ನು ಬಳಸಿದ್ದನ್ನು ನಾನಂತೂ ಒಮ್ಮೆಯೂ ಕಂಡಿಲ್ಲ.

ಕೈ ಯಾರದೆಂದು ಕೇಳದ ಸಾಧನ, ಚೌಕ ಯಾರದೆಂದೂ ಬಹುಕಾಲ ಕೇಳಲಿಲ್ಲ. 2017ರ ಜನವರಿಯಲ್ಲಿ ಫಿನ್‌ಲ್ಯಾಂಡಿನ ಡೆವಲಪರ್ ಒಬ್ಬರು ಒಂದು ಪುಟ್ಟ ಪುಟ ಮಾಡಿ ತೋರಿಸಿದರು. ಕಣ್ಣಿಗೆ ಕಾಣುವುದು ಹೆಸರು ಮತ್ತು ಇಮೇಲ್ ಎಂಬ ಎರಡೇ ಚೌಕ. ವಿಳಾಸ, ಫೋನ್ ಮುಂತಾದ ಉಳಿದ ಚೌಕಗಳು ಪರದೆಯ ಆಚೆ ಅಡಗಿದ್ದವು. ಬ್ರೌಸರ್ ಅವನ್ನೂ ಶ್ರದ್ಧೆಯಿಂದ ತುಂಬಿ ಕಳಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೂ ಗಂಭೀರವಾದುದನ್ನು ಪತ್ತೆ ಮಾಡಿದರು. ಜನರ ಜಾಡು ಹಿಡಿಯುವ ಜಾಹೀರಾತು ವ್ಯವಹಾರದ ಎರಡು ಸ್ಕ್ರಿಪ್ಟ್‌ಗಳು ಪುಟದೊಳಗೆ ಕಾಣದ ಲಾಗಿನ್ ಚೌಕವೊಂದನ್ನು ಸೇರಿಸಿ, ಬ್ರೌಸರ್ ತುಂಬಿದ ಇಮೇಲನ್ನು ಗುರುತಿನ ಸಂಕೇತವಾಗಿ ಮಾರ್ಪಡಿಸಿ ಸಾಗಿಸುತ್ತಿದ್ದವು. ಜನಪ್ರಿಯವಾದ 10 ಲಕ್ಷ ತಾಣಗಳಲ್ಲಿ 1,110 ತಾಣಗಳ ಮೇಲೆ ಇವು ಸಿಕ್ಕಿದವು. ಇಲ್ಲಿ ಯಾರೂ ಪಾಸ್‌ವರ್ಡ್ ಕದಿಯಲಿಲ್ಲ, ಬೀಗ ಒಡೆಯಲಿಲ್ಲ. ಸೌಜನ್ಯವನ್ನೇ ದುರುಪಯೋಗ ಮಾಡಿಕೊಂಡರು. 2023ರ ಡಿಸೆಂಬರಿನಲ್ಲಿ ಹೈದರಾಬಾದಿನ ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಆಂಡ್ರಾಯ್ಡ್‌ನಲ್ಲೂ ಇಂಥದ್ದೊಂದು ಎಡವಟ್ಟನ್ನು ತೋರಿಸಿದರು. ಅದಕ್ಕೆ ಆಟೋಸ್ಪಿಲ್ ಎಂದು ಹೆಸರಿಟ್ಟರು. ಆ್ಯಪ್ ಒಂದು ತನ್ನ ಒಳಗೇ ಬೇರೆ ತಾಣದ ಲಾಗಿನ್ ಪುಟವನ್ನು ತೆರೆದಾಗ, ಪಾಸ್‌ವರ್ಡ್ ತುಂಬುವ ಆ್ಯಪ್ ಗೊಂದಲಕ್ಕೊಳಗಾಗಿ ಆ ಗುಟ್ಟನ್ನು ಹೊರಗಿನ ಆ್ಯಪ್‌ನ ಚೌಕಕ್ಕೇ ಸುರಿಯಬಲ್ಲದು.

ಒಟಿಪಿಯ ಕಥೆಯೂ ಇದೇ. ಬ್ಯಾಂಕಿನ ಸಂದೇಶದಲ್ಲಿ ಎಷ್ಟು ರೂಪಾಯಿ, ಯಾರಿಗೆ ಎಂದು ಬರೆದಿರುತ್ತದೆ. ಅದನ್ನು ತೆರೆದು, ಅಂಕಿ ನೋಡಿ, ಹಿಂದೆ ಬಂದು ಬರೆಯುವಾಗ ಆ ಸಾಲು ಕಣ್ಣಿಗೆ ಬೀಳುತ್ತಿತ್ತು. ಈಗ ಅಂಕಿ ಮಾತ್ರ ಕೀಲಿಮಣೆಯ ಮೇಲೆ ಬಂದು ಕೂರುತ್ತದೆ, ಒತ್ತಿದರೆ ಮುಗಿಯಿತು. ಉಳಿದದ್ದು ಐದೇ ಸೆಕೆಂಡು. ಕಳೆದದ್ದು ಓದುವ ಅವಕಾಶ.

ಇನ್ನು ಹೆಸರಿನ ವಿಷಯ. ಇದು ನಮಗೆಲ್ಲರಿಗೂ ತಟ್ಟುವಂಥದ್ದು. ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಚೌಕ ಕಂಡರೆ ಬ್ರೌಸರ್ ಸಾಮಾನ್ಯವಾಗಿ ಕೊನೆಯ ಪದವನ್ನು ಕುಲನಾಮವೆಂದು ಊಹಿಸಿ ಹಾಕುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರನ್ನು ಹೀಗೆ ತುಂಬಿ ನೋಡಿ. ಊರು ಮೊದಲ ಹೆಸರಾಗುತ್ತದೆ, ತಂದೆ ನಡುವಿನ ಹೆಸರಾಗುತ್ತಾರೆ, ಕವಿಯ ಸ್ವಂತ ಹೆಸರು ಕುಲನಾಮವಾಗುತ್ತದೆ! ಬೊಳುವಾರು ಮಹಮದ್ ಕುಂಞಿಯವರ ಹೆಸರಿನ ಮುಂದೆ ನಿಂತಿರುವುದೂ ಊರೇ. ಕೆ. ಎಸ್. ನಿಸಾರ್ ಅಹಮದ್ ಅವರ ಮೊದಲ ಅಕ್ಷರದಲ್ಲಿ ಕೊಕ್ಕರೆ ಹೊಸಹಳ್ಳಿ ಅಡಗಿದೆ. ಸಾರಾ ಅಬೂಬಕ್ಕರ್ ಅವರ ಹೆಸರಿನ ಕೊನೆಯಲ್ಲಿರುವುದು ಪತಿಯ ಹೆಸರು. ಯಾವ ಧರ್ಮದವರಾದರೂ ಕನ್ನಡ ನಾಡಿನ ಹೆಸರು ಹಾದುಬರುವ ದಾರಿ ಒಂದೇ, ಊರು ಮತ್ತು ಮನೆಯ ಮೂಲಕ. ಇದನ್ನು ಹೊಗಳಲು ಎರಡು ಪುಟ ಬೇಕು, ಈಗ ಬೇಡ. ಸ್ವಾರಸ್ಯವೆಂದರೆ ವೆಬ್ಬಿನ ಮೂಲ ನಿಯಮಪುಸ್ತಕವೇ, ಹೆಸರನ್ನು ತುಂಡು ಮಾಡದೆ ಸಾಧ್ಯವಾದಷ್ಟೂ ಒಂದೇ ಚೌಕದಲ್ಲಿ ಕೇಳಿ ಎನ್ನುತ್ತದೆ. ಅರ್ಜಿ ರೂಪಿಸುವವರು ಅದನ್ನು ಓದುವುದಿಲ್ಲ. ಆಧಾರ್‌ನಲ್ಲಿ ಹೆಸರು ಇಡಿಯಾಗಿ ಇದೆ, ಪಾನ್ ಅರ್ಜಿಯಲ್ಲಿ ಮೂರು ತುಂಡಾಗಿದೆ. ಇವೆರಡೂ ತಾಳೆಯಾಗದೆ 2023ರಲ್ಲಿ ಜೋಡಣೆಯ ಗಡುವಿನ ಹೊತ್ತಿಗೆ ಜನ ಸಾಲುಗಟ್ಟಿ ನಿಂತದ್ದು ನೆನಪಿರಬಹುದು. ಹಿಂದೆ ಕೈಯಿಂದ ಬರೆಯುವಾಗ ಈ ತಪ್ಪು ಒಂದು ಕಡೆ ಆಗುತ್ತಿತ್ತು. ಈಗ ಒಮ್ಮೆ ಕಲಿತ ತಪ್ಪನ್ನು ಯಂತ್ರ ಎಲ್ಲ ಅರ್ಜಿಗಳಿಗೂ ನಿಷ್ಠೆಯಿಂದ ಹಂಚುತ್ತದೆ.

ತಾಲೂಕು ಕಚೇರಿಗಳ ಎದುರು ಮೊದಲು ಅರ್ಜಿ ಬರೆಯುವವರು ಕೂರುತ್ತಿದ್ದರು. ಮರದ ಪೆಟ್ಟಿಗೆ, ಶಾಯಿ, ಮೊಣಕಾಲಿನ ಮೇಲೊಂದು ಹಲಗೆ. ಅವರು ದುಡ್ಡು ಹೆಚ್ಚು ಕೇಳುತ್ತಿದ್ದರು, ಕೆಲವರು ಮೋಸವನ್ನೂ ಮಾಡಿದ್ದುಂಟು. ಆದರೆ ಬರೆಯುವ ಮುನ್ನ ಹೆಸರೇನು, ತಂದೆ ಯಾರು, ಯಾವ ಊರು ಎಂದು ಕೇಳುತ್ತಿದ್ದರು. ಬರೆದ ಮೇಲೆ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸುತ್ತಿದ್ದರು.

ಎಲ್ಲವನ್ನೂ ನಾನು ನೆನಪಿಟ್ಟುಕೊಳ್ಳುತ್ತೇನೆ ಎಂದ ಯಂತ್ರ ಎಷ್ಟು ಕಾಲ ಮಾತು ಉಳಿಸಿಕೊಳ್ಳುತ್ತದೆ ಎಂಬುದೂ ಅದರ ಮಾಲೀಕರ ಇಚ್ಛೆ. ಮೈಕ್ರೋಸಾಫ್ಟ್ ತನ್ನ ಅಥೆಂಟಿಕೇಟರ್ ಆ್ಯಪ್‌ನಲ್ಲಿ ಪಾಸ್‌ವರ್ಡ್ ತುಂಬುವ ಸೌಲಭ್ಯವನ್ನು 2025ರ ಜುಲೈಯಲ್ಲಿ ನಿಲ್ಲಿಸಿತು. ಆಗಸ್ಟ್‌ನಿಂದ ಅಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ತೆರೆಯುವಂತಿರಲಿಲ್ಲ, ಬಳಕೆದಾರರು ಎಡ್ಜ್ ಬ್ರೌಸರಿಗೆ ಹೋಗಬೇಕಾಯಿತು. ಈಗ ಪಾಸ್‌ವರ್ಡೇ ಬೇಡ, ಬೆರಳು ಅಥವಾ ಮುಖ ಸಾಕು ಎನ್ನುವ ಪಾಸ್‌ಕೀ ಬರುತ್ತಿದೆ. ನಕಲಿ ತಾಣಗಳ ವಿರುದ್ಧ ಅದು ಇನ್ನೂ ಗಟ್ಟಿ. ಆದರೆ ಅತ್ತೆಯ ಮೊಬೈಲಿನಲ್ಲಿ ಯಾರ ಬೆರಳಿನ ಗುರುತು ಇಡುವುದು ಎಂಬ ಪ್ರಶ್ನೆ ಅಲ್ಲೂ ಇದ್ದೇ ಇದೆ.

ಈ ವರ್ಷ ನೆರೆಮನೆಯವರ ಜೊತೆ ಮತ್ತೆ ಹೋಗಿದ್ದೆ, ಬೇರೆ ಅಂಗಡಿಗೆ. ಮಗಳು ಮನೆಯಲ್ಲೇ ಇಮೇಲ್ ಮಾಡಿಕೊಟ್ಟಿದ್ದಳು. ಅದನ್ನೂ ಪಾಸ್‌ವರ್ಡನ್ನೂ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದು, ಪುಸ್ತಕವನ್ನು ಚೀಲದೊಳಗೆ ಇಟ್ಟಿದ್ದರು. ಹುಡುಗ ಒಂದಕ್ಷರ ಒತ್ತಿದ, ಪಟ್ಟಿ ಬಿಚ್ಚಿಕೊಂಡಿತು. “ನಂಬರ್ ಹೇಳಿ ಅಕ್ಕಾ” ಎಂದ. ಅವರು ಪುಸ್ತಕ ತೆರೆಯಲಿಲ್ಲ. “ಮೊದಲು ಅದು ಬರೆದದ್ದನ್ನು ಅಳಿಸು ತಮ್ಮಾ, ಆಮೇಲೆ ಹೇಳುತ್ತೇನೆ” ಎಂದರು.