ಇಂಚಿನ ಮೋಹ, ಅಕ್ಷರದ ಪಾಡು

ಬೆಂಗಳೂರಿನ ಎಸ್.ಪಿ. ರೋಡಿಗೆ ಮಾನಿಟರ್ ಕೊಳ್ಳಲು ಬಂದವರ ಮೊದಲ ಪ್ರಶ್ನೆ ‘ಎಷ್ಟು ಇಂಚು?’ ಎರಡನೆಯದು ‘ಎಷ್ಟಕ್ಕೆ ಕೊಡ್ತೀರಿ?’ ಮೂರನೆಯದು ಹುಟ್ಟುವ ಮೊದಲೇ ಅಂಗಡಿಯ ಹುಡುಗ ಪರದೆಯ ಮೇಲೆ ಪಂಚರಂಗಿ ಗಿಳಿಯನ್ನೋ ಜಲಪಾತವನ್ನೋ ಓಡಿಸಿಬಿಟ್ಟಿರುತ್ತಾನೆ. ಗಿಳಿ ಚೆನ್ನಾಗಿಯೇ ಕಾಣುತ್ತದೆ. ಯಾವ ಮಾನಿಟರಿನಲ್ಲೂ ಗಿಳಿ ಕೆಟ್ಟದಾಗಿ ಕಂಡದ್ದಿಲ್ಲ. ಇನ್ನಷ್ಟು ದುಡ್ಡು ಸೇರಿಸಿದರೆ 24ರ ಬದಲು 27 ಇಂಚು ಬರುತ್ತದೆ ಎಂದ ಮೇಲೆ ಬೇಡ ಎನ್ನುವವರು ಕಡಿಮೆ. ಪೆಟ್ಟಿಗೆಯ ಮೇಲೆ ‘ಫುಲ್ ಎಚ್‌ಡಿ’ ಎಂದು ದಪ್ಪಕ್ಷರದಲ್ಲಿ ಬರೆದೂ ಇರುತ್ತದಲ್ಲ!

ಓದು-ಬರಹಕ್ಕೆ ಕಂಪ್ಯೂಟರ್ ಬಳಸುವವರು ದುಡ್ಡು ಕೊಟ್ಟು ಮೋಸಹೋಗುವುದು ಹೆಚ್ಚಾಗಿ ಈ 27 ಇಂಚಿನ ಫುಲ್ ಎಚ್‌ಡಿಯಲ್ಲಿ. ಇದರಲ್ಲಿ ಮಾರುವವರ ಸುಳ್ಳೇನೂ ಇಲ್ಲ. ಹೇಳಿದ ಎರಡೂ ಮಾತು ನಿಜ, ಆದರೆ ಎರಡನ್ನೂ ಕೂಡಿಸಿ ನೋಡಲು ಯಾರೂ ಹೇಳುವುದಿಲ್ಲ. ಫುಲ್ ಎಚ್‌ಡಿ ಎಂದರೆ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080 ಚುಕ್ಕಿ; ಒಟ್ಟು 20 ಲಕ್ಷ ಚಿಲ್ಲರೆ ಪಿಕ್ಸೆಲ್. 24 ಇಂಚಿನಲ್ಲೂ ಅಷ್ಟೇ, 27ರಲ್ಲೂ ಅಷ್ಟೇ. ಪರದೆಯ ವಿಸ್ತೀರ್ಣ ಕಾಲು ಪಾಲಿಗಿಂತ ಹೆಚ್ಚು ಬೆಳೆಯಿತು, ಪಿಕ್ಸೆಲ್ ಒಂದೂ ಹೆಚ್ಚಲಿಲ್ಲ. 24ರಲ್ಲಿ ಇಂಚಿಗೆ 92 ಪಿಕ್ಸೆಲ್ ಇದ್ದದ್ದು 27ರಲ್ಲಿ 82ಕ್ಕೆ ಇಳಿಯಿತು. ಎಕ್ಸೆಲ್ ಹಾಳೆಯಲ್ಲಿ ಒಂದು ಸಾಲು ಕೂಡ ಹೆಚ್ಚಿಗೆ ಕಾಣುವುದಿಲ್ಲ. ಅದೇ ಸಾಲುಗಳು, ಸ್ವಲ್ಪ ಉಬ್ಬಿಕೊಂಡು.

ಅದೇ 27 ಇಂಚಿನಲ್ಲಿ 2560×1440ರ ಕ್ಯೂಎಚ್‌ಡಿ ಪರದೆ ತೆಗೆದುಕೊಂಡರೆ ಇಂಚಿಗೆ 109 ಪಿಕ್ಸೆಲ್ ಸಿಗುತ್ತದೆ, ಸಾಲುಗಳು ಮೂರನೇ ಒಂದು ಪಾಲು ಹೆಚ್ಚಾಗಿ ಹಿಡಿಯುತ್ತವೆ. 3840×2160ರ 4ಕೆ ಆದರೆ ಇಂಚಿಗೆ 163. ಬೆಲೆಯಲ್ಲಿ ಫುಲ್ ಎಚ್‌ಡಿಗೂ ಕ್ಯೂಎಚ್‌ಡಿಗೂ ಇರುವ ಅಂತರ ಈಗ ಕೆಲವು ಸಾವಿರ ರೂಪಾಯಿ ಮಾತ್ರ.

ಇಂಚಿಗೆ ಎಷ್ಟಿದ್ದರೆ ಸಾಕು? ಉತ್ತರ ಕಣ್ಣು ಎಷ್ಟು ದೂರದಲ್ಲಿದೆ ಎಂಬುದರ ಮೇಲೆ ನಿಂತಿದೆ. ಸಾಮಾನ್ಯ ದೃಷ್ಟಿಯ ಕಣ್ಣು ಬೇರ್ಪಡಿಸಿ ನೋಡಬಲ್ಲ ಅತಿ ಚಿಕ್ಕ ಕೋನ ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು. ಕಣ್ಣಿನ ಡಾಕ್ಟರು ಓದಿಸುವ ಪಟ್ಟಿಯ 6/6ರ ಸಾಲು ಲೆಕ್ಕ ಹಾಕಿರುವುದು ಇದರ ಮೇಲೆಯೇ. ಮಾನಿಟರ್ ಸಾಮಾನ್ಯವಾಗಿ ಇರುವ 60 ಸೆಂಟಿಮೀಟರ್ ದೂರದಲ್ಲಿ ಇದು 0.17 ಮಿಲಿಮೀಟರ್, ಅಂದರೆ ಇಂಚಿಗೆ ಸುಮಾರು 145 ಪಿಕ್ಸೆಲ್. ಅದಕ್ಕಿಂತ ಕಡಿಮೆಯಾದಂತೆಲ್ಲ ಅಕ್ಷರದ ಅಂಚಿನ ಮೆಟ್ಟಿಲು ಕಣ್ಣಿಗೆ ಸಿಗತೊಡಗುತ್ತದೆ. 27 ಇಂಚಿನ ಫುಲ್ ಎಚ್‌ಡಿಯ ಒಂದೊಂದು ಪಿಕ್ಸೆಲ್ 0.31 ಮಿಲಿಮೀಟರ್, ಬೇಕಾದದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. 90 ಸೆಂಟಿಮೀಟರ್ ಹಿಂದೆ ಸರಿದು ಕೂತರೆ ಇಂಚಿಗೆ 97 ಸಾಕು. ಆದರೆ ನಮ್ಮ ಮನೆ-ಕಚೇರಿಗಳ ಮೇಜಿನ ಅಗಲ ಅಷ್ಟೆಲ್ಲಿ ಇರುತ್ತದೆ?

ಇಂಗ್ಲಿಷ್ ಮಾತ್ರ ಓದುವವರಿಗೆ ಇದೆಲ್ಲ ಅತಿ ನಾಜೂಕು ಎನಿಸಬಹುದು. ಕನ್ನಡ ಓದುವವರಿಗೆ ಹಾಗಲ್ಲ. 12 ಪಾಯಿಂಟಿನ ಅಕ್ಷರವನ್ನು ಕಾಗದದಲ್ಲಿ ಬರುವಷ್ಟೇ ಗಾತ್ರದಲ್ಲಿ ಪರದೆಯ ಮೇಲೆ ಮೂಡಿಸಿದರೆ ಅದಕ್ಕೆ ಸಿಗುವ ಎತ್ತರ 27 ಇಂಚಿನ ಫುಲ್ ಎಚ್‌ಡಿಯಲ್ಲಿ ಸುಮಾರು 14 ಪಿಕ್ಸೆಲ್, 24ರಲ್ಲಿ 15, ಕ್ಯೂಎಚ್‌ಡಿಯಲ್ಲಿ 18, 4ಕೆಯಲ್ಲಿ 27. ಅಷ್ಟರೊಳಗೇ ಮೇಲೆ ಗುಡಿಸು, ಏತ್ವ, ಕೆಳಗೆ ಒತ್ತಕ್ಷರ ಕೂರಬೇಕು. ಅವುಗಳಿಗೆ ಜಾಗ ಬಿಟ್ಟ ಮೇಲೆ ಮೂಲಾಕ್ಷರಕ್ಕೆ ಉಳಿಯುವುದು ಸುಮಾರು ಅರ್ಧ. ಆ ಏಳೆಂಟು ಪಿಕ್ಸೆಲ್‌ನಲ್ಲಿ ‘ಧ’ದ ಕೆಳಗಿನ ಸೀಳಿಗೆ ಸಿಗುವುದು ಒಂದೇ ಪಿಕ್ಸೆಲ್, ಎಷ್ಟೋ ಸಲ ಅದೂ ಪೂರ್ತಿ ಕಪ್ಪಾಗದೆ ಬೂದು ಬಣ್ಣದಲ್ಲಿ ಅಕ್ಕಪಕ್ಕಕ್ಕೆ ಹರಡಿಕೊಳ್ಳುತ್ತದೆ. ದನವನ್ನು ಧನ ಮಾಡುವುದು ಆ ಒಂದು ಪಿಕ್ಸೆಲ್. ಪ, ಫ ಮತ್ತು ಮೇಷ್ಟ್ರು ಹೇಳಿಕೊಟ್ಟ ‘ಹೊಟ್ಟೆ ಸೀಳಿದ ಷ’ ಮೂರೂ ಒಂದೇ ಮುಖ ಹೊತ್ತು ಕೂರುತ್ತವೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳಲ್ಲಿ ಒತ್ತಕ್ಷರದ ಮೇಲೆ ಒತ್ತಕ್ಷರ ಬಂದಾಗ ಕೆಳಗಡೆ ಉಳಿಯುವುದು ಒಂದು ಕಪ್ಪು ಗಂಟು.

ರೂಢಿಯಿದ್ದವರು ಪದದ ಒಟ್ಟು ಆಕಾರ ಹಿಡಿದು ಓದಿಬಿಡುತ್ತಾರೆ, ನಿಜ. ಕಷ್ಟ ಇರುವುದು ಕರಡು ತಿದ್ದುವವರಿಗೆ. ಅವರು ಹುಡುಕುವುದೇ ಆ ಸೀಳನ್ನು. ಅನುಮಾನ ಬಂದಾಗಲೆಲ್ಲ ಝೂಮ್ ಮಾಡಿ, ನೋಡಿ, ಮತ್ತೆ ಇಳಿಸಿ, ಪುಟದ ಜಾಡು ತಪ್ಪಿ, ಕೊನೆಗೆ ‘ಪ್ರಿಂಟ್ ತೆಗೆದುಕೊಡಿ, ಕಾಗದದಲ್ಲೇ ನೋಡ್ತೀನಿ’ ಎನ್ನುವ ಪ್ರೂಫ್ ರೀಡರುಗಳು ಈಗಲೂ ಇದ್ದಾರೆ. ಅದನ್ನು ಹಳೇ ಕಾಲದವರ ಹಟ ಎಂದು ತಳ್ಳಿಹಾಕುವಂತಿಲ್ಲ. ಲೇಸರ್ ಪ್ರಿಂಟರ್ ಇಂಚಿಗೆ 600 ಚುಕ್ಕಿ ಇಡುತ್ತದೆ; ಅವರ ಮುಂದಿನ ಪರದೆ 82. ಸೋಜಿಗವೆಂದರೆ, ಅದೇ ಮನುಷ್ಯರ ಜೇಬಿನ ಸಾಧಾರಣ ಫೋನಿನಲ್ಲೂ ಇಂಚಿಗೆ 250ಕ್ಕಿಂತ ಹೆಚ್ಚು ಪಿಕ್ಸೆಲ್ ಇರುತ್ತವೆ. ಕನ್ನಡ ಸ್ಫುಟವಾಗಿ ಕಾಣುವುದು ಬಸ್ಸಿನಲ್ಲಿ, ಮಸುಕಾಗುವುದು ಕೆಲಸದ ಮೇಜಿನಲ್ಲಿ!

ಈ ಇಕ್ಕಟ್ಟಿಗೆ ಇತಿಹಾಸವಿದೆ. 1984ರ ಮ್ಯಾಕಿಂತೋಷ್‌ನ 9 ಇಂಚಿನ ಪರದೆಯಲ್ಲಿ ಇಂಚಿಗೆ 72 ಪಿಕ್ಸೆಲ್ ಇದ್ದವು. ಮುದ್ರಣದ ಒಂದು ಪಾಯಿಂಟಿಗೆ ಸರಿಯಾಗಿ ಒಂದು ಪಿಕ್ಸೆಲ್. ವಿಂಡೋಸ್ ಇಂಚಿಗೆ 96 ಎಂದು ಹಿಡಿಯಿತು. ಆ 96 ಈಗಲೂ ತಂತ್ರಾಂಶಗಳ ತಳಪಾಯದಲ್ಲಿ ಕೂತಿದೆ. ಇಂಗ್ಲಿಷಿಗೆ ಆ ಅಳತೆಯಲ್ಲೂ ಒಗ್ಗುವಂತೆ ಒಂದೊಂದು ಪಿಕ್ಸೆಲ್ಲನ್ನೂ ತೀಡಿದ ಫಾಂಟುಗಳು ಬಂದವು. 1996ರ ವರ್ಡಾನಾ ಅಂಥದ್ದು. ಕನ್ನಡಕ್ಕೆ ವಿಂಡೋಸ್ ಎಕ್ಸ್‌ಪಿಯೊಂದಿಗೆ ತುಂಗಾ ಬಂತು, ವಿಂಡೋಸ್ 8ರೊಂದಿಗೆ ನಿರ್ಮಲಾ. ಬೇರೆ ಕನ್ನಡ ಫಾಂಟುಗಳಲ್ಲಿ ಬಹಳಷ್ಟಕ್ಕೆ ಆ ಮಟ್ಟದ ಆರೈಕೆ ಸಿಗಲಿಲ್ಲ. ಆ ಕೊರತೆಯನ್ನು ತುಂಬಬಲ್ಲದ್ದು ಪಿಕ್ಸೆಲ್‌ಗಳ ಸಮೃದ್ಧಿ ಮಾತ್ರ.

ಇನ್ನು ಗಾತ್ರ. ಇಂಚು ಎಂಬುದು ಮೂಲೆಯಿಂದ ಮೂಲೆಗೆ ಎಳೆದ ಗೆರೆಯ ಅಳತೆ. ಅದು ಅಗಲವನ್ನೂ ಹೇಳುವುದಿಲ್ಲ, ಎತ್ತರವನ್ನೂ ಹೇಳುವುದಿಲ್ಲ. ಹಿಂದೆ ಬ್ಯಾಂಕು, ಕಚೇರಿಗಳಲ್ಲಿದ್ದ ಚೌಕಾಕಾರದ 19 ಇಂಚಿನ ಮಾನಿಟರ್ ನೆನಪಿರಬಹುದು. ಅದರ ಎತ್ತರ ಸುಮಾರು 30 ಸೆಂಟಿಮೀಟರ್. ಇಂದಿನ ಅಗಲ ಪರದೆಯಲ್ಲಿ ಅಷ್ಟೇ ಎತ್ತರ ಬೇಕಾದರೆ 24 ಇಂಚು ಕೊಳ್ಳಬೇಕು. 19ರ ಜಾಗಕ್ಕೆ ಅಗಲವಾದ 18.5 ಇಂಚಿನದನ್ನು ತಂದಿಟ್ಟವರು 7 ಸೆಂಟಿಮೀಟರ್ ಎತ್ತರ ಕಳೆದುಕೊಂಡರು, ಬದಲಿಗೆ ಪಕ್ಕದಲ್ಲಿ ಒಂದಿಷ್ಟು ಖಾಲಿ ಜಾಗ ಪಡೆದರು. ಸಿನಿಮಾ ನೋಡಲು ಅದು ಸರಿ, ಕಡತ ಓದಲು ನಷ್ಟ.

ಬರೆಯುವವರಿಗೆ ಇದನ್ನು ಅಳೆಯಲು ಎ4 ಹಾಳೆಗಿಂತ ಒಳ್ಳೆಯ ಮಾಪಕ ಬೇಡ. ಹಾಳೆಯ ಎತ್ತರ 29.7 ಸೆಂಟಿಮೀಟರ್. 24 ಇಂಚಿನ ಪರದೆಯ ಎತ್ತರ 29.9. ಮೆನು, ಟಾಸ್ಕ್‌ಬಾರ್ ಜಾಗ ತಿಂದ ಮೇಲೆ ಪೂರ್ತಿ ಪುಟ ನಿಜ ಗಾತ್ರದಲ್ಲಿ ಎಂದೂ ಕಾಣದು. 27 ಇಂಚಿನದು 33.6 ಸೆಂಟಿಮೀಟರ್ ಎತ್ತರ, ಸುಮಾರು 60 ಅಗಲ: ಎರಡು ಎ4 ಪುಟ ಅಕ್ಕಪಕ್ಕ ಕೂತು, ಉಳಿದ ಜಾಗದಲ್ಲಿ ನಿಘಂಟನ್ನೋ ಮೇಲ್ ಅನ್ನೋ ತೆರೆದಿಡಬಹುದು. ಡೆಮಿ 1/8 ಆಕಾರದ ಪುಸ್ತಕ ಕಟ್ಟುವ ಡಿಟಿಪಿ ಆಪರೇಟರಿಗೆ ಎದುರುಬದುರು ಪುಟಗಳ ಜೋಡಿ ನಿರಾಳವಾಗಿ ಹಿಡಿಯುತ್ತದೆ. ಹಾಗಾಗಿ 27 ಇಂಚಿನ ಆಸೆ ತಪ್ಪಲ್ಲ, ಅದರಲ್ಲಿ ತುಂಬುವ ಪಿಕ್ಸೆಲ್‌ನಲ್ಲಿ ಜಿಪುಣತನ ಮಾಡುವುದು ತಪ್ಪು. 34 ಇಂಚಿನ ಅಲ್ಟ್ರಾವೈಡ್ ಕೂಡ, 3440×1440 ಆದರೆ, ಇದೇ ಎತ್ತರದ್ದು. ಪಕ್ಕಕ್ಕೆ ಮೂರನೇ ಒಂದು ಪಾಲು ಬೆಳೆದಿರುತ್ತದೆ, ಅಷ್ಟೆ.

ಹಾಗಾದರೆ ಎಲ್ಲರೂ 4ಕೆ ಕೊಂಡರಾಯಿತಲ್ಲ? ಅಷ್ಟು ಸಲೀಸಲ್ಲ. 27 ಇಂಚಿನ 4ಕೆಯಲ್ಲಿ ವಿಂಡೋಸ್ ಸ್ಕೇಲಿಂಗ್ 100ಕ್ಕೆ ಬಿಟ್ಟರೆ ಅಕ್ಷರ ಸಾಸಿವೆಯಾಗುತ್ತದೆ, 150ಕ್ಕೆ ಏರಿಸಬೇಕು. ಏರಿಸಿದ ಮೇಲೆ ಕೆಲಸಕ್ಕೆ ಸಿಗುವ ಜಾಗ ಕ್ಯೂಎಚ್‌ಡಿಯಷ್ಟೇ, ಹೆಚ್ಚಿದ್ದು ಸ್ಫುಟತೆ. ಹಳೆಯ ತಂತ್ರಾಂಶಗಳು ಸ್ಕೇಲಿಂಗ್ ಅರಿಯವು. ವಿಂಡೋಸ್ ಅವುಗಳನ್ನು ಚಿತ್ರದಂತೆ ಹಿಗ್ಗಿಸಿ ತೋರಿಸುವುದರಿಂದ ದುಬಾರಿ ಪರದೆಯ ಮೇಲೂ ಅವು ಮಸುಕೇ. 2001ರಲ್ಲೇ ಐಬಿಎಂ 22.2 ಇಂಚಿನಲ್ಲಿ 3840×2400 ಪಿಕ್ಸೆಲ್ ತುಂಬಿದ ಟಿ220 ಮಾಡಿತ್ತು. ಇಂಚಿಗೆ 204! ಅಂದಿನ ತಂತ್ರಾಂಶಗಳಿಗೆ ಅದನ್ನು ಬಳಸಿಕೊಳ್ಳುವ ದಾರಿ ಗೊತ್ತಿರಲಿಲ್ಲ. ಆಪಲ್‌ನ 27 ಇಂಚಿನ 5ಕೆ ಐಮ್ಯಾಕ್ 2014ರಲ್ಲಿ ಬರುವ ಹೊತ್ತಿಗೆ ತಂತ್ರಾಂಶವೂ ಸಿದ್ಧವಾಗಿತ್ತು. ಮ್ಯಾಕ್ ಬಳಸುವವರು ಇನ್ನೊಂದು ಗಮನಿಸಬೇಕು: 2018ರ ಮೊಹಾವಿ ಆವೃತ್ತಿಯಿಂದ ಅಕ್ಷರದ ಅಂಚನ್ನು ನಯಗೊಳಿಸುತ್ತಿದ್ದ ಹಳೆಯ ಉಪಾಯವನ್ನು ಆಪಲ್ ಕೈಬಿಟ್ಟಿದ್ದರಿಂದ, ಇಂಚಿಗೆ 109ರ ಪರದೆ ವಿಂಡೋಸ್‌ನಲ್ಲಿ ಕಂಡಷ್ಟು ಹಿತವಾಗಿ ಮ್ಯಾಕ್‌ನಲ್ಲಿ ಕಾಣುವುದಿಲ್ಲ. ಅವರಿಗೆ 4ಕೆಯೇ ಸರಿ.

ಕೇಬಲ್ಲಿನ ವಿಷಯವನ್ನಂತೂ ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಎಚ್‌ಡಿಎಂಐ 1.4 ಪೋರ್ಟ್ ಮಾತ್ರ ಇದ್ದರೆ 4ಕೆ ಚಿತ್ರ ಸೆಕೆಂಡಿಗೆ 30 ಸಲವಷ್ಟೇ ಬದಲಾಗುತ್ತದೆ. ಮೌಸ್ ಬಾಣ ಎಳೆದೆಳೆದು ನಡೆಯುತ್ತದೆ. 60 ಬೇಕಾದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಬೇಕು. ಹಳೆಯ ನೀಲಿ ಮೂತಿಯ ವಿಜಿಎ ಕೇಬಲ್ಲನ್ನೇ ಹೊಸ ಮಾನಿಟರಿಗೂ ಸಿಕ್ಕಿಸಿ ‘ಅಕ್ಷರ ಅಲ್ಲಾಡ್ತಿದೆ’ ಎಂದು ದೂರುವವರೂ ಇದ್ದಾರೆ.

ಟಿ.ವಿ.ಯನ್ನೇ ಮಾನಿಟರ್ ಮಾಡಿಕೊಳ್ಳುವ ಜಾಣತನಕ್ಕೆ ಒಂದೇ ಉತ್ತರ: 32 ಇಂಚಿನ ‘ಎಚ್‌ಡಿ ರೆಡಿ’ ಟಿ.ವಿ.ಯಲ್ಲಿ ಇಂಚಿಗೆ ಇರುವುದು 49 ಪಿಕ್ಸೆಲ್.

27 ಇಂಚಿನ ಫುಲ್ ಎಚ್‌ಡಿಯ ಪರವಾಗಿ ಒಂದು ನ್ಯಾಯವಾದ ಮಾತಿದೆ. ನಲವತ್ತೈದು ದಾಟಿ ಚಾಳೀಸು ಬಂದವರಿಗೆ ಯಾವ ಸೆಟ್ಟಿಂಗನ್ನೂ ಮುಟ್ಟದೆ ಅಕ್ಷರ ದಪ್ಪಗೆ ಕಾಣುತ್ತದೆ. ಮಕ್ಕಳು ಊರಲ್ಲಿಲ್ಲದ ಮನೆಯಲ್ಲಿ ಇದೇನೂ ಸಣ್ಣ ಅನುಕೂಲವಲ್ಲ. ಆದರೆ ಕ್ಯೂಎಚ್‌ಡಿಯಲ್ಲಿ ಸ್ಕೇಲಿಂಗನ್ನು 125ಕ್ಕೆ ಒಮ್ಮೆ ಇಟ್ಟುಬಿಟ್ಟರೆ ಅಕ್ಷರ ಹೆಚ್ಚುಕಡಿಮೆ ಅದೇ ಗಾತ್ರಕ್ಕೆ ಬಂದು, ಅಂಚು ಮಾತ್ರ ನಯವಾಗಿರುತ್ತದೆ. ಎರಡು ನಿಮಿಷದ ಕೆಲಸ. ಬಜೆಟ್ ಬಿಗಿಯಿದ್ದವರಿಗೆ 24 ಇಂಚಿನ ಫುಲ್ ಎಚ್‌ಡಿ ಈಗಲೂ ಮರ್ಯಾದಸ್ಥ ಆಯ್ಕೆ. ಕ್ರಿಕೆಟ್ ನೋಡಲು, ಆಟ ಆಡಲು ಮಾತ್ರ ಬೇಕಿದ್ದವರು 27ರದ್ದನ್ನು ಕೊಂಡರೂ ತೊಂದರೆಯಿಲ್ಲ.

2019ರ ಜನವರಿಯಿಂದ 32 ಇಂಚಿನವರೆಗಿನ ಮಾನಿಟರಿಗೆ ಶೇ 18 ಜಿಎಸ್‌ಟಿ, ಅದನ್ನು ದಾಟಿದರೆ ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡವೂ ಶೇ 18ಕ್ಕೆ ಇಳಿದಿವೆ. ಇಂಚಿನ ಆಮಿಷ ಇನ್ನಷ್ಟು ಅಗ್ಗವಾಯಿತು ಎಂದೇ ಅರ್ಥ.

ಕೊಳ್ಳಲು ಹೋಗುವವರು ಪೆನ್‌ಡ್ರೈವಿನಲ್ಲಿ ಒಂದು ಕನ್ನಡ ಪಿಡಿಎಫ್ ಒಯ್ಯಲಿ. ಒಂದು ತೋಳಿನ ದೂರದಲ್ಲಿ ಕೂತು, ಪುಟವನ್ನು ಕಾಗದದ ಗಾತ್ರಕ್ಕೆ ಇಟ್ಟು, ದ-ಧ, ಬ-ಭ ಬೇರೆಯಾಗಿ ಕಾಣುತ್ತವೆಯೇ ನೋಡಲಿ. ದಿನವಿಡೀ ಕನ್ನಡ ಕಡತ ಓದಿಸುವ ಕಚೇರಿಗಳು, ಪತ್ರಿಕೆಗಳು, ಪ್ರಕಾಶಕರು ಖರೀದಿ ಪಟ್ಟಿಯಲ್ಲಿ ಇಂಚಿನ ಪಕ್ಕದಲ್ಲೇ 2560×1440 ಎಂದೂ ಬರೆಯಬೇಕು. ‘27 ಇಂಚು’ ಎಂದಷ್ಟೇ ಬರೆದರೆ ಕಡಿಮೆ ದರದ ಲೆಕ್ಕದಲ್ಲಿ ಫುಲ್ ಎಚ್‌ಡಿಯೇ ಬಂದು ಕೂರುತ್ತದೆ, ಕೆಟ್ಟುಹೋಗುವ ತನಕ ಅದನ್ನು ಯಾರೂ ಬದಲಿಸುವುದಿಲ್ಲ.