ಹೊಳೆದಂಡೆಯ ಸಂಕ್ರಾಂತಿ ಬುತ್ತಿ

ಗದಗ ಜಿಲ್ಲೆಗೆ ಕಡಲಿಲ್ಲ. ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ ಇದೆ. ಮಕರ ಸಂಕ್ರಾಂತಿಯಂದು ಮುಂಡರಗಿ, ಶಿರಹಟ್ಟಿ ಸೀಮೆಯ ಜನ ಕೊರ್ಲಹಳ್ಳಿ, ಹಮ್ಮಿಗಿ, ಸಿಂಗಟಾಲೂರಿನಂಥ ಹೊಳೆದಂಡೆಯ ಊರುಗಳಿಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಮೊದಲು ಹೊಳೆಯಲ್ಲಿ ಮೀಯುವುದು, ಆಮೇಲೆ ಊಟ.

ಬುತ್ತಿಯ ಜೀವಾಳ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಸಜ್ಜಿ ಹಿಟ್ಟಿಗೆ ಅಂಟು ಕಡಿಮೆ. ಆದ್ದರಿಂದ ಬಿಸಿನೀರಿನಲ್ಲಿ ನಾದಿ, ತೆಳ್ಳಗೆ ಬಡಿದು, ಮೇಲೆ ಎಳ್ಳು ಒತ್ತಿ ಬೇಯಿಸುತ್ತಾರೆ. ಬಡಿಯುವಾಗ ಅಂಚು ಒಡೆಯದಂತೆ ಕೈ ತಿರುಗಿಸುವುದೇ ನಿಜವಾದ ಕಸಬು. ನೀರಿನಂಶ ಪೂರ್ತಿ ಆರಿದ ಕಟಕ ರೊಟ್ಟಿ ವಾರಗಟ್ಟಲೆ ಕೆಡದು. ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯ ಆಹಾರ ಸಿಗುವುದು ಕಷ್ಟ. ಜೊತೆಗೆ ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆನೆಮೊಸರು. ಎಣ್ಣೆಗಾಯಿಗೆ ಎಳೆಯ ಮುಳ್ಳುಬದನೆಯೇ ಆಗಬೇಕು. ಬಲಿತ ಬದನೆ ರುಚಿ ಕೆಡಿಸುತ್ತದೆ. ಸಿಹಿಗೆ ಗೋದಿಯ ಮಾದಲಿ, ಮೇಲೆ ಹಾಲು, ತುಪ್ಪ.

ಮೇಜು, ಕುರ್ಚಿ, ಬೆಲೆಪಟ್ಟಿ ಯಾವುದೂ ಇಲ್ಲ. ಮರಳಿನ ಮೇಲೋ ಬಂಡೆಯ ಮೇಲೋ ಜಮಖಾನ ಹಾಸಿ, ವರ್ತುಲವಾಗಿ ಕೂತು, ಪಕ್ಕದ ಮನೆಯವರ ಬುತ್ತಿಯನ್ನೂ ಹಂಚಿಕೊಂಡು ಉಣ್ಣುತ್ತಾರೆ. ಈಗ ಹಮ್ಮಿಗಿಯ ಬ್ಯಾರೇಜಿನ ಹಿನ್ನೀರಿನಿಂದಾಗಿ ಅಲ್ಲಿ ಹೊಳೆ ಅಗಲವಾಗಿ ಕಾಣುತ್ತದೆ. ಸಿಂಗಟಾಲೂರಿಗೆ ಹೋದವರು ವೀರಭದ್ರೇಶ್ವರನ ಗುಡಿಗೂ ಹೋಗಿ, ಹೊತ್ತು ಮುಳುಗುವ ಮುನ್ನ ಊರ ದಾರಿ ಹಿಡಿಯುತ್ತಾರೆ.